ನನ್ನ ಪ್ರಾಕ್ಸಿ, ಅವಳ ಗೈರುಹಾಜರಿ

ವಿಶ್ವವಿದ್ಯಾಲಯದ ಮಾನ್ಯ ಜಾಲ ನಿರ್ವಹಣಾಧಿಕಾರಿಗಳೇ,

ವರ್ಷವಿಡೀ ನನ್ನ ಮುಂದಿನ ಬೆಂಚಿನಲ್ಲೇ ಕೂತಿದ್ದ ಹುಡುಗಿಯನ್ನು ತಮ್ಮ ಕಂಪ್ಯೂಟರು ‘ಗೈರುಹಾಜರು’ ಎಂದು ಘೋಷಿಸಿದೆ. ತಪ್ಪು ಯಾರದೆಂದು ತಿಳಿಯಲು ತಾವು ಸಮಿತಿ ರಚಿಸುವ ಕಷ್ಟ ಬೇಡ, ನನ್ನದೇ. ಆದರೂ ಜಗಳ ತಮ್ಮ ಜೊತೆ ಆಡುತ್ತೇನೆ. ನನ್ನ ಜೊತೆ ಆಡಿ ಆಡಿ ಸಾಕಾಗಿದೆ.

ನಾನು ಮಂಡ್ಯದ ಕಾಲೇಜೊಂದರ ಕನ್ನಡ ಮೇಷ್ಟ್ರು. ನಮ್ಮಲ್ಲಿ ಪ್ರಾಕ್ಸಿ ಎಂದರೆ ಸಿನಿಮಾಕ್ಕೆ ಹೋದವನ ಪರವಾಗಿ ಗೆಳೆಯ ‘ಎಸ್ ಸಾರ್’ ಅನ್ನುವುದು. ಸಿಕ್ಕಿಬಿದ್ದವರನ್ನು ಬಾಗಿಲಾಚೆ ನಿಲ್ಲಿಸಿಯೇ ತಲೆ ನರೆಸಿಕೊಂಡವನು ನಾನು. ಅಂಥವನಿಗೇ ಪ್ರಾಕ್ಸಿ ಇಟ್ಟುಕೋ ಎಂದು ಆದೇಶಿಸಿದಿರಲ್ಲ! ಕಾಲೇಜಿನ ಜಾಲ ದಾಟಲು ಹೆಸರು, ಪಾಸ್‌ವರ್ಡ್ ಹೇಳಬೇಕಂತೆ. ಅಂಕ ಕಳಿಸುವ ತಮ್ಮ ತಂತ್ರಾಂಶಕ್ಕೆ ಹೇಳಲು ಬಾಯಿಲ್ಲವಂತೆ. ಅದರ ಪರವಾಗಿ ಹೇಳಲು ಪ್ರಾಕ್ಸಿ ಎಂಬ ಇನ್ನೊಂದು ಪುಟ್ಟ ತಂತ್ರಾಂಶವಂತೆ. ಪಾಸ್‌ವರ್ಡ್ ಒಮ್ಮೆ ಬರೆದಿಟ್ಟರೆ ಆಯಿತು, ಅದೇ ಹೇಳಿಕೊಳ್ಳುತ್ತದೆ. ತಪ್ಪು ಬರೆದಿಟ್ಟರೆ ತಪ್ಪನ್ನೇ ಹೇಳುತ್ತಿರುತ್ತದೆ, ಎಡೆಬಿಡದೆ. ಅಷ್ಟು ನಿಷ್ಠೆಯನ್ನು ನನ್ನ ಯಾವ ಶಿಷ್ಯನಲ್ಲೂ ಕಂಡಿಲ್ಲ.

ಆ ಹುಡುಗಿ, ಕೊತ್ತತ್ತಿಯ ಅರ್ಪಿತ, ಬರೆದ ಪ್ರಬಂಧ ಬಹಳ ಚೆನ್ನಾಗಿತ್ತು. ಇನ್ನೊಮ್ಮೆ ಓದುವ ಆಸೆಗೆ ಅವಳೊಬ್ಬಳ ಅಂಕವನ್ನು ಕೊನೆಯ ದಿನಕ್ಕೆ ಉಳಿಸಿಕೊಂಡೆ. ಆ ದಿನ ನಾನಿದ್ದದ್ದು ಮಳವಳ್ಳಿಯಲ್ಲಿ, ನೆಂಟರ ಮನೆಯ ಬೀಗರ ಊಟದಲ್ಲಿ. ಅಂಕ ಕಳಿಸಲು ಕೂತಿದ್ದ ನಮ್ಮ ಆಪರೇಟರ್ ಚಲುವಮ್ಮ ಫೋನ್ ಮಾಡಿದರು.

“ಸಾ, ಪ್ರಾಕ್ಸಿ ಮತ್ತೆ ಪಾಸ್‌ವರ್ಡ್ ಕೇಳ್ತಾದೆ. ಏನ್ ಆಕ್ಲಿ?”

ನಮ್ಮೂರು ಹೊಸಹಳ್ಳಿಯ ಹೆಸರನ್ನೇ ಇಂಗ್ಲಿಷಿನಲ್ಲಿ ಪಾಸ್‌ವರ್ಡ್ ಮಾಡಿದ್ದೆ. ಬಾಯಲ್ಲಿ ಮೂಳೆ ಇತ್ತು. ಸರಿಯಾಗಿಯೇ ಹೇಳಿದೆ ಅಂದುಕೊಂಡೆ.

ಅಷ್ಟೇ. ಪ್ರಾಕ್ಸಿ ಸಂಜೆವರೆಗೂ ತಪ್ಪು ಪಾಸ್‌ವರ್ಡನ್ನೇ ಜಪಿಸಿತು, ನನ್ನ ಖಾತೆಗೆ ಬೀಗ ಬಿತ್ತು, ಗಡುವು ಮುಗಿಯಿತು. ಮರುದಿನ ನೋಡಿದರೆ ಪಾಸ್‌ವರ್ಡಿನಲ್ಲಿ ಹಕಾರವೇ ಇಲ್ಲ! ಚಲುವಮ್ಮನ ಮೇಲೆ ಹಾರಿಬಿದ್ದೆ.

“ನೀವೇ ಅಂಗಂದ್ರಿ ಸಾ. ‘ಒಸಳ್ಳಿ ಕಣಮ್ಮ, ಬಿರ್ನೆ ಒಡಿ’ ಅಂದ್ರಿ. ನಾನು ಒಸಳ್ಳಿ ಅಂತ್ಲೇ ಒಡ್ದೆ.”

‘ಹಾಲು’ ಅನ್ನಲು ‘ಆಲು’ ಅಂದ ಮಕ್ಕಳ ಅಂಕ ಕತ್ತರಿಸಿಯೇ ಪಂಡಿತನೆನಿಸಿಕೊಂಡವನು ನಾನು. ನೆಂಟರ ನಡುವೆ ಎಲೆಯ ಮುಂದೆ ಕೂತರೆ ನನ್ನ ವ್ಯಾಕರಣದ ಹಣೆಬರಹ ಇಷ್ಟು. ನಾಚಿಕೆಯಾಯಿತು ಸ್ವಾಮಿ, ನಿಜವಾಗಿ.

ತಮ್ಮ ಕಚೇರಿಗೆ ಎಲ್ಲ ವಿವರಿಸಿ ಬರೆದುಕೊಂಡೆ. ‘ಗೈರುಹಾಜರಾದ ಅಭ್ಯರ್ಥಿಯ ಅಂಕ ಸ್ವೀಕರಿಸಲು ಅವಕಾಶವಿಲ್ಲ’ ಎಂದು ಉತ್ತರ ಬಂತು. ಎಂಥ ತರ್ಕ! ಅಂಕ ಬಂದಿಲ್ಲವೆಂದು ಗೈರು, ಗೈರೆಂದು ಅಂಕ ಬೇಡ. ಈ ಸೋಮವಾರದೊಳಗೆ ಅಂಕಪಟ್ಟಿ ಸಿಗದಿದ್ದರೆ ಅವಳ ಬಿ.ಎಡ್. ಸೀಟು ಹೋಗುತ್ತದೆ. ನನ್ನ ಹಾಗೆ ಮೇಷ್ಟ್ರಾಗಬೇಕೆಂಬ ಹುಚ್ಚು ಅವಳಿಗೆ. ಇಷ್ಟೆಲ್ಲ ಆದಮೇಲೂ ಆ ಹುಚ್ಚು ಬಿಟ್ಟಿಲ್ಲ.

ನನ್ನ ಮೇಲೆ ಕ್ರಮ ಜರುಗಿಸಿ, ಇನ್ಕ್ರಿಮೆಂಟ್ ತಡೆಯಿರಿ, ಬೇಕಾದರೆ ಕಾಗುಣಿತ ಬರೆಸಿ. ಆದರೆ ಅಂಕ ತೆಗೆದುಕೊಳ್ಳುವ ಆ ಪೋರ್ಟಲನ್ನು ಒಂದೇ ಒಂದು ಗಂಟೆ ತೆರೆಯಿರಿ. ನಿನ್ನೆ ಅವಳು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಒಂದೇ ಮಾತು ಕೇಳಿದಳು:

“ನಾನ್ ದಿನಾ ಬತ್ತಿದ್ನಲ್ಲಾ ಸಾ?”

ಉತ್ತರ ತಾವು ಕೊಡಿ. ನನ್ನ ಮಾತನ್ನು ಇನ್ನು ಅವಳೇಕೆ ನಂಬಬೇಕು?

ಇಂತಿ,
ಹಾಜರಿದ್ದವಳನ್ನು ಗೈರು ಮಾಡಿ ಕೂತಿರುವ
ಮಾದಯ್ಯ, ಕನ್ನಡ ಮೇಷ್ಟ್ರು