ಹುಳುಮನೆಯ ಬಾಗಿಲು

ಜಂಗಮಕೋಟೆ
೨೦-೪-೧೯೫೮

ಪ್ರೀತಿಯ ತಮ್ಮ ಬಯ್ಯಪ್ಪನಿಗೆ ನಿನ್ನ ಅಕ್ಕನ ಆಶೀರ್ವಾದಗಳು.

ಮೈ ಹೇಗಿದೆಯಪ್ಪ? ಗೌರಿಬಿದನೂರಿನ ಮಂಡಿಯಲ್ಲಿ ಕಡಲೆಕಾಯಿ ಧೂಳು ಕುಡಿದು ನಿನ್ನ ಕೆಮ್ಮು ಹೆಚ್ಚಾಗಿದೆಯೆಂದು ಸಂತೆಗೆ ಬಂದವರು ಹೇಳಿದರು. ಹೋಟೆಲಿನ ಅನ್ನ ತಿಂದು ಯಾರು ಉದ್ಧಾರವಾಗಿದ್ದಾರೆ ಹೇಳು. ಎರಡು ವರ್ಷದಲ್ಲಿ ಮೂರು ಕಾಗದ ಬರೆದೆ, ಒಂದಕ್ಕೂ ಉತ್ತರವಿಲ್ಲ. ಹೋಗಲಿ, ಇದನ್ನಾದರೂ ಕೊನೆಯವರೆಗೆ ಓದು.

ನನ್ನ ಮಗಳು ಅಮ್ಮಾಜಿಯ ಮದುವೆ ಗೊತ್ತಾಗಿದೆ. ಹುಡುಗ ಚಿಂತಾಮಣಿ ಕಡೆಯವನು, ಶಾಲೆಯ ಮೇಷ್ಟ್ರು. ಮೇ ಎಂಟಕ್ಕೆ ನಮ್ಮ ಅಂಗಳದಲ್ಲೇ ಧಾರೆ. ನಿನ್ನ ಭಾವನ ಬುದ್ಧಿವಂತಿಕೆ ನೋಡು, ಲಗ್ನ ಕಟ್ಟಿಸುವಾಗ ರೇಷ್ಮೆಹುಳುವಿನ ನೆನಪೇ ಇಲ್ಲ ಅವರಿಗೆ. ಈಗ ಹುಳು ಪೊರೆ ಬಿಡುವ ನಾಲ್ಕನೇ ಜ್ವರಕ್ಕೆ ಕೂತಿದೆ. ಮೇವು ಬಿಟ್ಟು, ತಲೆ ಎತ್ತಿಕೊಂಡು ನಿದ್ದೆ ಮಾಡುತ್ತಿದೆ. ಹುಳುವಿಗೆ ವಾಸನೆ ಆಗದೆಂದು ಮನೆಯಲ್ಲಿ ಒಗ್ಗರಣೆ ಹಾಕುವಂತಿಲ್ಲ, ಅರಿಶಿನದ ಘಾಟು ಏಳುವಂತಿಲ್ಲ, ಹೊರಗಿನವರು ಹುಳುಮನೆ ಹೊಸಿಲು ದಾಟುವಂತಿಲ್ಲ. ಅರಿಶಿನ ಕುಟ್ಟುವ ಶಾಸ್ತ್ರವನ್ನು ಎದುರುಮನೆ ವೆಂಕಟರತ್ನಮ್ಮನ ಒರಳಿನಲ್ಲೇ ಮುಗಿಸಿದೆವು. ಆಕೆ ಬಿಟ್ಟಾಳೆಯೇ? "ಏನೇ ಕದಿರಿ, ಮದ್ವೆ ಮಗಳಿಗೋ ಹುಳಕ್ಕೋ?" ಎಂದು ಎಲ್ಲರೆದುರು ನನ್ನನ್ನು ಆಡಿಕೊಂಡಳು. ಚಕ್ಕುಲಿಯೂ ಅವಳ ಒಲೆಯ ಮೇಲೇ ಬೇಯಬೇಕು. ಗೂಡು ಬಿಡಿಸಿ ಮುಗಿಸಿದರೆ ಸುಣ್ಣಕ್ಕೂ ಚಪ್ಪರಕ್ಕೂ ಸಿಗುವುದು ನಾಲ್ಕೇ ದಿನ.

ಇವೆಲ್ಲ ಹೇಗೋ ಆಗುತ್ತವೆ. ಆಗದೆ ಉಳಿದಿರುವುದು ಒಂದೇ. ಹೆಣ್ಣನ್ನು ಹಸೆಗೆ ಎತ್ತಿ ತರಬೇಕಾದವನು ಸೋದರಮಾವ, ಅವಳಿಗಿರುವ ಸೋದರಮಾವ ನೀನೊಬ್ಬನೇ. ಬಾಗಿಲಲ್ಲಿ ಮದುಮಗನ ಕಾಲು ತೊಳೆದು ಒಳಗೆ ಕರೆಯಲು ಅವಳಿಗೆ ಅಣ್ಣನೂ ಇಲ್ಲ. ದಾಯಾದಿ ಹುಡುಗರನ್ನು ನಿಲ್ಲಿಸೋಣವೆಂದು ನಿನ್ನ ಭಾವ ಹೇಳಿದರು. ಅಮ್ಮಾಜಿ ಕೇಳಿದ್ದೇ ತಡ, "ಮಾವ ಬರ್ದೇ ಇದ್ರೆ ನಾನೇ ನಡ್ಕೊಂಡ್ ಬರ್ತೀನಿ, ಬೇರೆಯೋರ ಕೈಲಿ ಎತ್ತಿಸ್ಕೊಳ್ಳಲ್ಲ" ಅಂದಳು. ಅವಳ ಹಟ ನಿನಗೆ ಗೊತ್ತಿದ್ದದ್ದೇ.

ನಿನ್ನ ಕೋಪವೂ ನನಗೆ ಗೊತ್ತು. ಅಮ್ಮ ತೀರಿಕೊಂಡ ಮೇಲೆ ನೀನು ಈ ಮನೆಯಲ್ಲೇ ಬೆಳೆದೆ. ನಮ್ಮಲ್ಲಿ ಅಕ್ಕನ ಮಗಳು ತಮ್ಮನಿಗೇ ಅನ್ನುವುದು ವಾಡಿಕೆ, ಊರೂ ಹಾಗೇ ಅಂದಿತು, ನೀನೂ ಹಾಗೇ ನಂಬಿದೆ. ಬಾಯಿಬಿಟ್ಟು ಕೇಳಿದ ದಿನ ನಿನ್ನ ಭಾವ, "ನೆಟ್ಟಗೆ ಒಂದು ಕೆಲ್ಸ ಇಲ್ದೋನಿಗೆ ಹೆಣ್ಣು ಕೊಡಲ್ಲ, ಹೋಗಯ್ಯ" ಎಂದುಬಿಟ್ಟರು. ಉಣ್ಣುತ್ತಿದ್ದ ತಟ್ಟೆ ಬಿಟ್ಟು ನೀನು ಎದ್ದು ಹೋದೆ. ಅವರು ಆ ಮಾತಿಗೆ ಇವತ್ತಿಗೂ ಕೊರಗುತ್ತಾರೆ. ಅವರ ಮೇಲಿನ ಸಿಟ್ಟನ್ನು ಹುಡುಗಿಯ ಹಸೆಯ ಮೇಲೆ ಹಾಕಬೇಡಪ್ಪ.

ಹೊತ್ತಿಗೆ ಸರಿಯಾಗಿ ಉಣ್ಣು, ರಾತ್ರಿ ಮೆಣಸಿನ ಕಷಾಯ ಕುಡಿ. ದೇವರು ನಿನ್ನನ್ನು ತಣ್ಣಗಿಟ್ಟಿರಲಿ.

ನಿನ್ನ ದಾರಿ ಕಾಯುವ ಅಕ್ಕ,
ಕದಿರಮ್ಮ

ತಾ.ಕ.: ಮೇಲಿನದನ್ನೆಲ್ಲ ನಿನ್ನ ಭಾವ ಓದಿದರು. ಈಗ ಹುಳು ಗೂಡು ಕಟ್ಟುವ ಚಂದ್ರಿಕೆಗಳನ್ನು ಕೇಳಿ ತರಲು ಹೋಗಿದ್ದಾರೆ, ಅವರಿದ್ದರೆ ಇದನ್ನು ಬರೆಯಲು ಬಿಡರು, ಅಷ್ಟರಲ್ಲಿ ಬರೆಯುತ್ತೇನೆ. ಬೇಡ ಅಂದದ್ದು ಅವರಲ್ಲ, ನಾನು. ನಾನು ಹೆರಿಗೆಗೆ ತವರಿಗೆ ಬಂದಾಗ ನೀನು ಐದು ತಿಂಗಳ ಕೂಸು. ಮಗಳು ಬಾಣಂತಿಯಾಗುವ ಕಾಲಕ್ಕೆ ತನ್ನ ಕಂಕುಳಲ್ಲೂ ಮಗುವೆಂದು ಅಮ್ಮನಿಗೆ ಮೊದಲೇ ನಾಚಿಕೆ. ಅದರ ಮೇಲೆ ಕಾಯಿಲೆ ಬಿದ್ದು ಎದೆಹಾಲು ಬತ್ತಿತು. ಹಸುವಿನ ಹಾಲು ನಿನಗೆ ಒಗ್ಗಲಿಲ್ಲ. ತವರಿನ ಹುಳುಮನೆಗೆ ಯಾರೂ ಬರುವುದಿಲ್ಲವಲ್ಲ, ಅಲ್ಲಿ ಬಾಗಿಲು ಹಾಕಿಕೊಂಡು ಐದು ತಿಂಗಳು ನಿನಗೂ ಅಮ್ಮಾಜಿಗೂ ನಾನೇ ಹಾಲೂಡಿಸಿದೆ. "ಯಾರ ಹತ್ರಾನೂ ಅನ್ಬೇಡ ಕಣೇ, ನಗ್ತಾರೆ" ಎಂದು ಅಮ್ಮ ಆಣೆ ಹಾಕಿಸಿಕೊಂಡಳು. ಅವಳು ಹೋದ ಮೇಲೂ ನಾನು ಬಾಯಿ ಬಿಡಲಿಲ್ಲ, ಅದೇ ನನ್ನ ತಪ್ಪು. ನೀನು ಕೇಳಿದ ದಿನ, ಒಂದೇ ಎದೆಹಾಲು ಕುಡಿದವರಿಗೆ ಮದುವೆ ಸಲ್ಲದೆಂದು ನಿನ್ನ ಭಾವನಿಗೆ ಹೇಳಿದೆ. ನನ್ನ ಆಣೆ ಉಳಿಸಲು ಅವರು ಕೆಟ್ಟವರಾದರು. ನಿನ್ನೆ ಅಮ್ಮಾಜಿಗೂ ಹೇಳಿದೆ. ಅವಳು, "ಹಾಗಾದ್ರೆ ಕಾಲು ತೊಳೆಯೋನೂ ಅವ್ನೇ ಅಲ್ವೇನಮ್ಮ" ಎಂದಳು. ಚೊಂಬು ಬೆಳಗಿಟ್ಟಿದ್ದಾಳೆ.