ನನ್ನ ತಮ್ಮ ಕಟ್ಟಿದ ಸೇತುವೆ, ನೀವು ನಿಲ್ಲಿಸಿದ ಪ್ರತಿಮೆ

ಮಾನ್ಯ ಪುರಸಭೆಯ ಮುಖ್ಯಾಧಿಕಾರಿಗಳೇ,

ಯುದ್ಧದಲ್ಲಿ ಸತ್ತ ನನ್ನ ತಮ್ಮನ ಪ್ರತಿಮೆ ಚೆನ್ನಾಗಿ ಕಾಣಲಿ ಎಂದು, ಅವನೇ ತನ್ನ ಕೈಯಾರೆ ಕಟ್ಟಿದ ಸೇತುವೆಯನ್ನು ನೀವು ಕೆಡವಿಸಿದ್ದೀರಿ. ನನ್ನ ದೂರು ಇಷ್ಟೇ. ಇದು ಯಾವ ವಿಭಾಗಕ್ಕೆ ಸೇರಿದ್ದೆಂಬ ಗೊಂದಲ ನಿಮ್ಮ ಕಚೇರಿಯಲ್ಲಿ ಇನ್ನೂ ಬಗೆಹರಿದಿಲ್ಲ. ಉದ್ಯಾನದವರು ಕಾಮಗಾರಿಯವರ ಕಡೆ ಕೈ ತೋರಿಸುತ್ತಾರೆ, ಕಾಮಗಾರಿಯವರು ಉದ್ಯಾನದವರ ಕಡೆ. ಹಾಗಾಗಿ ಊರೆಲ್ಲ ಓದಲಿ ಎಂದು ಪತ್ರಿಕೆಗೇ ಬರೆಯುತ್ತಿದ್ದೇನೆ. ನಾನು ಅವನ ಅಕ್ಕ, ಬಸ್ ಕಂಡಕ್ಟರ್. ಜನರನ್ನು ಮುಂದಕ್ಕೆ ಕಳಿಸುವುದೇ ನನ್ನ ಹೊಟ್ಟೆಪಾಡು. ನಿಮ್ಮ ಕಚೇರಿಯಲ್ಲಿ ಮಾತ್ರ ಒಂದು ಅರ್ಜಿಯನ್ನೂ ಮುಂದಿನ ಮೇಜಿಗೆ ದಾಟಿಸಲು ನನ್ನಿಂದಾಗಲಿಲ್ಲ.

ನೀವು ಅವನನ್ನು ಕಂಡವರಲ್ಲ, ಆದ್ದರಿಂದ ಹೇಳುತ್ತೇನೆ. ಅವನು ಸೇನೆಯ ಎಂಜಿನಿಯರ್ ದಳದಲ್ಲಿದ್ದ. ಆ ದಳದವರು ಕಾದಾಡುವವರಿಗಿಂತಲೂ ಮುಂದೆ ಹೋಗುತ್ತಾರೆ. ನೆಲದಲ್ಲಿ ಹೂತಿಟ್ಟ ಬಾಂಬು ತೆಗೆಯುವುದು, ಮುರಿದ ಸೇತುವೆ ಜೋಡಿಸುವುದು, ಹಿಂದೆ ಬರುವವರಿಗೆ ದಾರಿ ಮಾಡುವುದು ಅವರ ಕೆಲಸ. ಅಮ್ಮ ಅಕ್ಕಪಕ್ಕದವರ ಮುಂದೆ “ನನ್ನ ಮಗ ಮಿಲಿಟ್ರಿಯಲ್ಲಿ ಎಂಜಿನಿಯರು” ಎಂದು ಹೇಳಿಕೊಂಡಾಗಲೆಲ್ಲ ಅವನು ನಗುತ್ತಿದ್ದ.

“ಎಂಜಿನಿಯರು ಅಂದ್ರೆ ಫ್ಯಾನಿನ ಕೆಳಗೆ ಕೂರೋನು ಅಂದ್ಕೋಬೇಡಮ್ಮ. ಕೆಸರಲ್ಲಿ ಬೋರಲು ಮಲ್ಕೊಂಡು ಮಣ್ಣು ಕೆರೆಯೋ ಕೆಲ್ಸ ನಂದು.”

ನಮ್ಮ ಬೀದಿಯ ಹಿಂದೆ ದೊಡ್ಡ ಕಾಲುವೆಯಿದೆ. ಆಚೆ ದಡದಲ್ಲಿ ಆಸ್ಪತ್ರೆ, ಶಾಲೆ, ಬಸ್ ನಿಲ್ದಾಣ. ಕಣ್ಣೆದುರಿಗೇ ಇರುವ ಆಸ್ಪತ್ರೆಗೆ ಹೋಗಬೇಕೆಂದರೆ ಲಾರಿಗಳು ಎರ್ರಾಬಿರ್ರಿ ಓಡುವ ಹೆದ್ದಾರಿಯ ಅಂಚು ಹಿಡಿದು ಸುತ್ತಿ ಬರಬೇಕು. ಒಂದು ಕಾಲುಸೇತುವೆ ಕೊಡಿ ಎಂದು ಬೀದಿಯವರು ನಿಮ್ಮ ಕಚೇರಿಗೆ ಅಲೆದು ಚಪ್ಪಲಿ ಸವೆಸಿದ್ದರು. ಯುದ್ಧಕ್ಕೆ ಮುಂಚಿನ ಕೊನೆಯ ರಜೆಗೆ ಬಂದಿದ್ದ ತಮ್ಮ, ಮಂಡಿನೋವಿನ ಅಮ್ಮ ಆ ಸುತ್ತು ಹಾಕಿ ಬಂದು ಬಾಗಿಲಲ್ಲೇ ಕುಸಿದು ಕೂತದ್ದನ್ನು ನೋಡಿದ. ಆಗಲೇ ಎದ್ದು ಹೊರಗೆ ಹೋದ. ತಿರುಗಿ ಬಂದಾಗ ಜೊತೆಗೆ ನಮ್ಮ ಬೀದಿಯ ವೆಲ್ಡರ್ ಇದ್ದ. ಹಳೆಯ ಗೋದಾಮೊಂದನ್ನು ಕೆಡವುತ್ತಿದ್ದ ಮಾಲೀಕರನ್ನು ಕೇಳಿ ಕಬ್ಬಿಣದ ತೊಲೆಗಳನ್ನು ಹೊತ್ತು ತಂದರು. ಉಳಿದ ರಜೆಯೆಲ್ಲ ಇಬ್ಬರೂ ಕಾಲುವೆಯಲ್ಲೇ ಕಳೆದರು. ಸೇತುವೆ ಮುಗಿದ ದಿನ ಬೀದಿಯವರನ್ನೆಲ್ಲ ಒಟ್ಟಿಗೆ ಅದರ ಮೇಲೆ ಹತ್ತಿಸಿ, ತಾನು ಕೆಳಗಿಳಿದು ಕೊಳಚೆ ನೀರಿನಲ್ಲಿ, ಸರಿಯಾಗಿ ಅದರ ನಡುಭಾಗದ ಅಡಿಯಲ್ಲಿ ನಿಂತ.

“ಮೇಲೆ ಬಾರೋ, ತಲೆ ನೆಟ್ಟಗಿದೆಯಾ ನಿಂಗೆ?” ಎಂದು ಅಮ್ಮ ಬೈದಳು.

“ಬಿದ್ರೆ ಕಟ್ಟಿದವನ ಮೇಲೇ ಬೀಳ್ಲಿ ಬಿಡಮ್ಮ. ಹೂಂ, ಎಲ್ರೂ ಒಂದ್ಸಲ ಕುಣೀರಿ.”

ಗುಡಾಣದಂಥ ಹೊಟ್ಟೆಯ ವೆಲ್ಡರ್ ಕೂಡ ಕುಣಿದ. ಸೇತುವೆ ಮಿಸುಕಲಿಲ್ಲ. ಮಾನ್ಯರೇ, ನೀವು ಉದ್ಘಾಟಿಸಿದ ಕಾಮಗಾರಿಗಳಲ್ಲಿ ಯಾವುದರ ಅಡಿಯಲ್ಲಿ ನಿಮ್ಮ ಗುತ್ತಿಗೆದಾರರು ಹೀಗೆ ನಿಲ್ಲಲು ಒಪ್ಪಿಯಾರು?

ಆಮೇಲೆ ಯುದ್ಧ ಬಂತು. ಅವನು ಹೋದ, ತಿರುಗಿ ಬರಲಿಲ್ಲ. ಏನಾಯಿತೆಂದು ನಮಗೆ ಸರಿಯಾಗಿ ಗೊತ್ತಾದದ್ದು ಅವನ ಜೊತೆಗಿದ್ದ ಹಿರಿಯ ಸೈನಿಕರೊಬ್ಬರು ಊರುಗೋಲು ಹಿಡಿದು ಮನೆಗೆ ಬಂದ ಮೇಲೆ. ಗಾಯಗೊಂಡವರು ಹೊಳೆಯಾಚೆ ಸಿಕ್ಕಿಕೊಂಡಿದ್ದರಂತೆ, ಅವರಲ್ಲಿ ಇವರೂ ಒಬ್ಬರು. ಸೇತುವೆ ಮುರಿದಿತ್ತು. ತಮ್ಮನ ತಂಡ ಗುಂಡುಗಳ ನಡುವೆಯೇ ಉಕ್ಕಿನ ಸೇತುವೆ ಜೋಡಿಸಿತು. ಆಚೆ ತುದಿಯಲ್ಲಿ ಬಾಂಬುಗಳನ್ನು ಹೂತಿದ್ದರು. ಉಳಿದವರನ್ನು ಹಿಂದೆ ನಿಲ್ಲಿಸಿ ಇವನೊಬ್ಬನೇ ನೆಲಕ್ಕೆ ಮೈಯಿಟ್ಟು ಅವನ್ನು ತೆಗೆಯುತ್ತ ಹೋದ. ಸೇತುವೆಯ ಬುಡ ಪೂರ್ತಿ ತೆರವಾಯಿತು. ದಾರಿ ತಿರುಗುವ ಕಡೆ ಇದ್ದ ಒಂದು ಬಾಂಬು ಅವನ ಕೈ ತಾಕುವ ಮುಂಚೆಯೇ ಸಿಡಿಯಿತು.

“ಬಂದೂಕು ಬೆನ್ನ ಮೇಲೇ ಇತ್ತಮ್ಮ. ಅದನ್ನ ಇಳಿಸೋಕೂ ಅವನಿಗೆ ಪುರುಸೊತ್ತಿರ್ಲಿಲ್ಲ,” ಎಂದರು ಅವರು.

ಅಮ್ಮ ಕೇಳಿದ್ದು ಒಂದೇ ಮಾತು: “ಸೇತುವೆ ಉಳೀತಾ?”

“ಉಳೀತಮ್ಮ. ನಾವೆಲ್ಲ ಬದುಕಿ ಬಂದಿದ್ದು ಅದ್ರ ಮೇಲೇನೇ.” ಅವರು ನೆಲ ನೋಡಿದರು. “ಅವನನ್ನೂ ಅದ್ರ ಮೇಲೇ ಹೊತ್ಕೊಂಡು ಬಂದ್ರು.”

ಇನ್ನು ನಿಮ್ಮ ಪ್ರತಿಮೆಯ ವಿಚಾರ. ನಿಮ್ಮವರು ಫೋಟೊ ಕೇಳಲು ಬಂದಾಗ, ಮೊಣಕಾಲವರೆಗೆ ಕೆಸರು ಮೆತ್ತಿಕೊಂಡು ಕಾಲುವೆಯಲ್ಲಿ ನಗುತ್ತ ನಿಂತ ಫೋಟೊ ಕೊಟ್ಟೆವು. “ಇದ್ರಲ್ಲಿ ಗನ್ನೇ ಇಲ್ವಲ್ಲ ಮೇಡಂ” ಎಂದು ಮುಖ ಹುಳ್ಳಗೆ ಮಾಡಿಕೊಂಡರು. ಅನಾವರಣದ ದಿನ ಕಾಲುವೆ ದಡದ ಉದ್ಯಾನದಲ್ಲಿ ಪರದೆ ಸರಿದರೆ, ಬಂದೂಕು ಎತ್ತಿ ಬಾಯಿ ತೆರೆದು ಅಬ್ಬರಿಸುತ್ತಿರುವ ಪೈಲ್ವಾನನೊಬ್ಬ ನಿಂತಿದ್ದ. ನನ್ನ ತಮ್ಮ ನರಪೇತಲ, ಮೀಸೆಯೂ ನೆಟ್ಟಗೆ ಬಂದಿರಲಿಲ್ಲ. ಪೀಠದ ಮೇಲೆ ‘ಶತ್ರುಸಂಹಾರಿ’ ಎಂದು ಬಂಗಾರದ ಬಣ್ಣದಲ್ಲಿ ಬರೆಸಿದ್ದೀರಿ. ಅಮ್ಮ ನನ್ನ ಕಿವಿಯ ಹತ್ತಿರ ಬಾಗಿ, “ಇದು ಯಾರ ಮಗನೇ?” ಎಂದು ಕೇಳಿದಳು. ನಾನೇನು ಹೇಳಲಿ? ಪುರಸಭೆಯ ಮಗ ಎನ್ನಲೇ?

ಅಷ್ಟಕ್ಕೇ ಬಿಟ್ಟಿದ್ದರೂ ನುಂಗಿಕೊಳ್ಳುತ್ತಿದ್ದೆವು. ಪ್ರತಿಮೆಯ ಹಿಂದೆ ಕಾರಂಜಿ ಬೇಕು, ಕಾರಂಜಿಯ ಹಿಂದೆ ಹುಲ್ಲುಹಾಸು ಬೇಕು, ಹುಲ್ಲುಹಾಸಿನ ಹಿಂದೆ ತುಕ್ಕು ಹಿಡಿದ ಸೇತುವೆ ಕಾಣಬಾರದು ಎಂದು ತೀರ್ಮಾನವಾಯಿತು. ಜೆಸಿಬಿ ಬಂದಾಗ ವೆಲ್ಡರ್ ಕೈಯಲ್ಲಿದ್ದ ಕೆಲಸ ಬಿಟ್ಟು ಓಡಿಹೋಗಿ ಅದಕ್ಕೆ ಅಡ್ಡ ನಿಂತ.

“ಸಾರ್, ಆ ಪ್ರತಿಮೇಲಿರೋ ಹುಡುಗಾನೇ ಇದನ್ನ ಕಟ್ಟಿದ್ದು.”

“ಅನುಮತಿ ತಗೊಂಡಿದ್ನಾ?” ಎಂದರು ನಿಮ್ಮ ಸಹಾಯಕ ಎಂಜಿನಿಯರು.

ಇಲ್ಲ ಸ್ವಾಮಿ, ತೆಗೆದುಕೊಂಡಿರಲಿಲ್ಲ. ಹೊಳೆಯ ಮೇಲೆ ಕಟ್ಟಿದ್ದಕ್ಕೂ ಬಹುಶಃ ತೆಗೆದುಕೊಂಡಿರಲಿಲ್ಲ. ಅದನ್ನು ಕೆಡವಲು ಶತ್ರುಗಳಿಂದಾಗಲಿಲ್ಲ, ಇದನ್ನು ನಿಮ್ಮ ಒಂದು ಜೆಸಿಬಿ ಮಧ್ಯಾಹ್ನದ ಊಟಕ್ಕೆ ಮುಂಚೆ ಮುಗಿಸಿತು.

ಸೇತುವೆ ಹೋದ ಮೇಲೆ ಎಲ್ಲರೂ ಮತ್ತೆ ಹೆದ್ದಾರಿಗೆ ಬಿದ್ದೆವು. ನಮ್ಮ ಎದುರು ಮನೆಯ ದರ್ಜಿ, ಹೆಂಡತಿಯ ಔಷಧಿ ತರಲು ಹೋದವನು, ಲಾರಿ ತಗುಲಿ ಕಾಲು ಮುರಿದುಕೊಂಡ. ಅವನ ಹೊಲಿಗೆ ಯಂತ್ರ ಕಾಲಿನಲ್ಲಿ ತುಳಿಯುವಂಥದ್ದು. ಈಗ ಯಂತ್ರದ ಪಕ್ಕ ಕಾಲು ಚಾಚಿ ಕೂತು ಕೈಯಲ್ಲಿ ಗುಂಡಿ ಹಚ್ಚುತ್ತಾನೆ. ನೋಡಲು ಹೋದಾಗ ಅವನೇ ನನ್ನನ್ನು ಸಮಾಧಾನ ಮಾಡಿದ. “ಜೀವ ಉಳೀತಲ್ಲ ಬಿಡಿ ಅಕ್ಕ. ನಿಮ್ ತಮ್ಮ ಇದ್ದಿದ್ರೆ ಹಿಂಗಾಗ್ತಿರ್ಲಿಲ್ಲ.” ಮಾರನೆಯ ದಿನ ರಜೆ ಹಾಕಿ ನಿಮ್ಮ ಕಚೇರಿಗೆ ಬಂದೆ.

ನಿಮಗೆ ನೆನಪಿರಬಹುದು. ಕುರ್ಚಿ ಹಾಕಿಸಿದಿರಿ, ಕಾಫಿ ತರಿಸಿದಿರಿ. ಎಲ್ಲ ಕೇಳಿದ ಮೇಲೆ ಬಹಳ ಮೃದುವಾಗಿ ಹೇಳಿದಿರಿ: “ನೋಡಮ್ಮ, ನೀವು ಹುತಾತ್ಮರ ಅಕ್ಕ. ಇಂಥ ಚರಂಡಿ, ಸೇತುವೆ ವಿಷಯಕ್ಕೆಲ್ಲ ನೀವು ಬರಬಾರದು. ನಿಮ್ಮ ಘನತೆಗೆ ಕಮ್ಮಿ.”

ಸ್ವಾಮಿ, ಅವನ ಬದುಕಿನಲ್ಲಿ ಇದ್ದದ್ದೇ ಕೆಸರು ಮತ್ತು ಸೇತುವೆ. ಅವೆರಡನ್ನೂ ಕಳೆದರೆ ಉಳಿಯುವ ಆ ಘನತೆ ಯಾರದು? ಸತ್ತವನು ಮಾತಾಡುವುದಿಲ್ಲವೆಂದು ಅವನ ಕೈಗೆ ನಿಮಗೆ ಬೇಕಾದ್ದನ್ನು ಹಿಡಿಸಬಹುದೇ?

ಮುಂದಿನ ಭಾನುವಾರ ಬೆಳಿಗ್ಗೆ ಅವನ ಸಂಸ್ಮರಣೆಯ ಸಮಾರಂಭವೆಂದೂ, ‘ವೀರಮಾತೆ’ ವೇದಿಕೆಯಲ್ಲಿ ಆಸೀನರಾಗಬೇಕೆಂದೂ ಆಹ್ವಾನ ಬಂದಿದೆ. ನಮ್ಮ ಬೇಡಿಕೆ ಕೇಳಿ. ಪೀಠದ ಮೇಲಿನ ಆ ಪದವನ್ನು ಅಳಿಸಿ, ‘ದಾರಿ ಮಾಡಿಕೊಟ್ಟವನು’ ಎಂದು ಬರೆಸಿ. ಪ್ರತಿಮೆ ಬೇಕಾದರೆ ಇರಲಿ, ಕಾಗೆಗಳಿಗೂ ಕೂರಲು ಜಾಗ ಬೇಕು. ಆದರೆ ಸೇತುವೆ ಇದ್ದಲ್ಲೇ ಮತ್ತೆ ಸೇತುವೆ ಬರಬೇಕು. ಕಟ್ಟುತ್ತೇವೆಂದು ನೀವು ಭಾನುವಾರದೊಳಗೆ ಬರೆದುಕೊಟ್ಟರೆ ಸಂತೋಷ. ಕೊಡದಿದ್ದರೆ ಅವತ್ತು ಬೆಳಿಗ್ಗೆ ನಿಮ್ಮ ಭಾಷಣ ಶುರುವಾಗುವ ಹೊತ್ತಿಗೆ ನಾವು ಬೀದಿಯವರೆಲ್ಲ ಕಾಲುವೆಗೆ ಇಳಿದು ಕಂಬ ನೆಡುತ್ತೇವೆ. ಅಮ್ಮ ವೇದಿಕೆಗೆ ಬರುವುದಿಲ್ಲ. ಮಂಡಿನೋವಿನವಳು ಕೆಳಗಿಳಿಯಬೇಡವೆಂದು ಎಷ್ಟು ಹೇಳಿದರೂ ಕೇಳದೆ, ಸೀರೆ ಎತ್ತಿಕಟ್ಟಿ ಬುಟ್ಟಿ ಹಿಡಿದು ಬರಲು ಸಿದ್ಧಳಾಗಿದ್ದಾಳೆ. ಅನುಮತಿಯಿಲ್ಲದೆ ಕಟ್ಟುವವರನ್ನು ಹಿಡಿಯಬೇಕೆಂದು ಪೊಲೀಸರನ್ನು ಕಳಿಸುವುದಾದರೆ, ಮೊದಲು ಅವಳನ್ನು ಹಿಡಿಯಲು ಹೇಳಿ.

ಇಂತಿ,
ನಿಮ್ಮ ಆಹ್ವಾನಪತ್ರಿಕೆಯಲ್ಲಿ ‘ಮತ್ತು ಕುಟುಂಬದವರು’ ಎಂದು ಅಚ್ಚಾಗಿರುವವಳು,
ಅವನ ಅಕ್ಕ