ನಲವತ್ಮೂರನೆಯ ಪುಟದ ಹಲವಾರು ಮಹಿಳೆಯರು

ನೆರಳುಪೇಟೆ, ಹಾವೇರಿ ಸೀಮೆ
ಫೆಬ್ರವರಿ ೩೦, ೨೨೧೪

ಎಂ.ಕಾಂ. ಎರಡನೆಯ ವರ್ಷದ ವಿದ್ಯಾರ್ಥಿ ಸೋಮನಿಂಗ ಹೊನ್ನತ್ತಿ ಅವರಿಗೆ ನಿಂಬೆವ್ವ ಕರ್ಜಗಿ ಮಾಡುವ ನಮಸ್ಕಾರಗಳು.

ತಾರೀಖು ನೋಡಿ, ಯಾರೋ ಗೆಳೆಯರು ಚೇಷ್ಟೆ ಮಾಡಿದ್ದಾರೆಂದು ಕಾಗದ ಮಡಿಚಿಡಬೇಡಿ. ನಮ್ಮಲ್ಲಿ ಫೆಬ್ರವರಿಗೆ ಮೂವತ್ತು ದಿನ. ಸೆಕೆಯ ತಿಂಗಳನ್ನು ಗಿಡ್ಡ ಮಾಡಿದರೆ ಜನಕ್ಕೆ ಸಮಾಧಾನವಾದೀತೆಂದು ಯಾರೋ ಪುಣ್ಯಾತ್ಮರು ಮೇ ತಿಂಗಳ ಎರಡು ದಿನ ಕಿತ್ತು ಇಲ್ಲಿಗೆ ಅಂಟಿಸಿದರು. ಸೆಕೆಯೇನೂ ಕಡಿಮೆಯಾಗಲಿಲ್ಲ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವೆನಿಸಬಹುದು, ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ನಿಮ್ಮಂಥ ವಿದ್ಯಾರ್ಥಿಗಳ ಪ್ರಾಜೆಕ್ಟ್ ರಿಪೋರ್ಟುಗಳಿಂದ. ಹಾಗಾಗಿ ಈ ಕಾಗದವನ್ನು "ಇಂದಿನ ಸ್ಪರ್ಧಾತ್ಮಕ ಯುಗದಲ್ಲಿ" ಎಂದು ಶುರು ಮಾಡದೆ ಇರಲು ಬಹಳ ಕಷ್ಟಪಟ್ಟಿದ್ದೇನೆ. ವಯಸ್ಸಿನದೂ ಒಂದು ತೊಡಕು. ನೀವು ಇಪ್ಪತ್ಮೂರರ ಹುಡುಗ, ನಾನು ಐವತ್ತು ದಾಟಿದವಳು; ಆದರೂ ನೀವು ನನ್ನ ಮುತ್ತಜ್ಜನಿಗಿಂತ ಹಿರಿಯರು. ತಮ್ಮಾ ಎನ್ನಬೇಕೋ ಅಜ್ಜಾ ಎನ್ನಬೇಕೋ ತಿಳಿಯದೆ ಸದ್ಯಕ್ಕೆ ನೀವು ಎನ್ನುತ್ತೇನೆ.

ಇದು ಹಿಂಚೀಟಿ. ಹಿಂದಿನ ಕಾಲಕ್ಕೆ ಬರೆಯುವ ಕಾಗದಕ್ಕೆ ನಾವು ಹಾಗೆನ್ನುತ್ತೇವೆ. ಒಬ್ಬರಿಗೆ ಜನ್ಮಕ್ಕೆ ಒಂದೇ. ಪಕ್ಕದ ಮನೆಯ ಯಜಮಾನರು ತಮ್ಮದನ್ನು ತಮಗೇ ಬರೆದುಕೊಂಡಿದ್ದರು, ಈ ಮದುವೆ ಬೇಡವೆಂದು. ಇವತ್ತಿಗೂ ಅದೇ ಹೆಂಡತಿಯಿಂದ ಬೈಸಿಕೊಳ್ಳುತ್ತ ಸುಖವಾಗಿದ್ದಾರೆ. ಬಂದ ಚೀಟಿಯನ್ನು ಬಹಳ ಜನ ಓದುವುದೇ ಇಲ್ಲ. ನೀವು ಓದಬೇಕೆಂದು ಕೈಮುಗಿದು ಕೇಳುತ್ತೇನೆ. ನನ್ನ ಅವ್ವನಿಗೆ ಸಿಗಬೇಕಾದ ನೆರಳು ನಿಮ್ಮ ರಿಪೋರ್ಟಿನ ನಲವತ್ಮೂರನೆಯ ಪುಟದಲ್ಲಿ ಸಿಕ್ಕಿಕೊಂಡಿದೆ.

ನಮ್ಮೂರ ಪೇಟೆಯ ಮೇಲೆ ಒಂದು ದೊಡ್ಡ ಚಾವಣಿ ಇದೆ. ಅದಕ್ಕೇ ಅದು ನೆರಳುಪೇಟೆ. ಒಳಗೆ ತಂಪು ಗಾಳಿ, ಕುಡಿಯುವ ನೀರು, ಕೂಸುಗಳಿಗೆ ಜೋಳಿಗೆ ಕಟ್ಟಲು ಕಂಬಗಳು. ಹೊರಗೆ, ಬೆಳಿಗ್ಗೆ ಹತ್ತಕ್ಕೆ ಬಿಸಿಲುಗಂಟೆ ಬಾರಿಸಿದ ಮೇಲೆ, ನೆಲದ ಮೇಲೆ ಕೈಯಿಡಲಾಗದು. ಅವ್ವ ಬೆಳ್ಳುಳ್ಳಿ ಸುಲಿಯುವವಳು. ಯಂತ್ರಕ್ಕೆ ಹಾಕಿದರೆ ಎಸಳು ನಜ್ಜಾಗುತ್ತದೆಂದು ಇವತ್ತಿಗೂ ಕೈಯಲ್ಲೇ ಸುಲಿಸುತ್ತಾರೆ. ಅವಳ ಬೆರಳ ತುದಿಯಲ್ಲಿ ಗೆರೆಗಳಿಲ್ಲ, ರಸ ತಿಂದುಹಾಕಿದೆ. ಅವಳೂ ಜೊತೆಯ ಹದಿನೆಂಟು ಜನರೂ ಕೂರುವುದು ಚಾವಣಿಯ ಹೊರಗೆ, ಗೋಣಿತಾಟಿನ ಮರೆಯಲ್ಲಿ. ಹೋದ ವರ್ಷ ಎರಡು ಸಲ ಅಲ್ಲೇ ಬಿದ್ದಳು. ಈಗ ಎಪ್ಪತ್ತೈದು. ಮೂರನೆಯ ಸಲ ಬಿದ್ದರೆ ಏಳುತ್ತಾಳೆಂಬ ಧೈರ್ಯ ನನಗಿಲ್ಲ.

ಚಾವಣಿಯ ಕೆಳಗೆ ಜಾಗ ಬೇಕಾದವರು, ತಮ್ಮ ಕಸುಬಿನವರು ನಿಮ್ಮ ಕಾಲದ ಹಳೆಯ ಪೇಟೆಯಲ್ಲಿ ಕೂರುತ್ತಿದ್ದರೆಂದು ತೋರಿಸಬೇಕು. ಆಗ ಎಷ್ಟು ಜನ ಇದ್ದರೋ ಈಗ ಅಷ್ಟು ಜಾಗ. ಅದಕ್ಕೆ ಕಂಡವರ ಕಾಯಿದೆ ಎಂಬುದೊಂದಿದೆ: ಬರೆದವರು ಅಲ್ಲಿಗೆ ಹೋಗಿ ಕಣ್ಣಾರೆ ಕಂಡಿದ್ದರೆಂದು ಬರಹದಿಂದಲೇ ಗೊತ್ತಾಗಬೇಕು. ನಿಮ್ಮ ನಂತರದ ನೂರು ವರ್ಷ ಯಂತ್ರಗಳು ಯಾರೂ ಕಾಲಿಡದ ಊರುಗಳ ಬಗ್ಗೆ, ಯಾರನ್ನೂ ಕೇಳದ ಪ್ರಶ್ನೆಗಳ ಬಗ್ಗೆ ಬಹಳ ಅಂದವಾಗಿ ಬರೆದುಹಾಕಿದವು. ಯಾವುದನ್ನು ನಂಬಬೇಕೆಂದು ತಿಳಿಯದೆ ಕೊನೆಗೆ ಈ ಕಾಯಿದೆ ಮಾಡಿದರು. ಸಣ್ಣ ಕಸುಬಿನವರ ಬಗ್ಗೆ ದೊಡ್ಡ ಕಡತಗಳಲ್ಲಿ ಏನೂ ಇರಲಿಲ್ಲ. ಉಳಿದದ್ದು ಕಾಲೇಜಿನ ನೆಲಮಾಳಿಗೆಯಲ್ಲಿದ್ದ ನಿಮ್ಮ ರಿಪೋರ್ಟುಗಳು, ಕಪ್ಪು ರೆಕ್ಸಿನ್ನು, ಮೇಲೆ ಚಿನ್ನದ ಬಣ್ಣದ ಅಕ್ಷರ. ಅವನ್ನು ಓದಿ ಸಾಕ್ಷಿ ಹುಡುಕಿಕೊಡುವವರನ್ನು ಓದಾಳು ಎನ್ನುತ್ತಾರೆ. ನಾನು ಓದಾಳು.

ಮುನ್ನೂರ ನಲವತ್ತೊಂದು ಓದಿದ್ದೇನೆ. ಎಲ್ಲರೂ ನೂರು ಜನರನ್ನು ಕೇಳಿದ್ದಾರೆ, ನೂರಕ್ಕೆ ನೂರೂ ಉತ್ತರ ಕೊಟ್ಟಿದ್ದಾರೆ. ಒಬ್ಬ ಮಹಾನುಭಾವ ಅರವತ್ತು ಪುಟ ಮೆಣಸಿನಕಾಯಿ ವ್ಯಾಪಾರದ ಬಗ್ಗೆ ಬರೆದು, ಕೊನೆಗೆ "ಬ್ಯಾಂಕಿನ ಸೇವೆಯಿಂದ ಗ್ರಾಹಕರು ತೃಪ್ತರಾಗಿದ್ದಾರೆ" ಎಂದು ಮುಗಿಸಿದ್ದಾನೆ. ಹಿಂದಿನ ವರ್ಷದವರ ರಿಪೋರ್ಟಿನಲ್ಲಿ ಬ್ಯಾಂಕ್ ಎಂದಿದ್ದ ಕಡೆಯೆಲ್ಲ ಮೆಣಸಿನಕಾಯಿ ಹಾಕುತ್ತ ಬಂದವನಿಗೆ ಕೊನೆಯ ಪುಟದ ಹೊತ್ತಿಗೆ ಸಾಕಾಗಿರಬೇಕು. ಅವನಿಗೆ ಪ್ರಥಮ ದರ್ಜೆ ಬಂದಿದೆ.

ಶಬಾನಾ ನದಾಫ ಎಂಬ ಹುಡುಗಿಗೆ ಬರಲಿಲ್ಲ. ಅವಳೂ ಮೆಣಸಿನಕಾಯಿ ಪೇಟೆಗೇ ಹೋದವಳು. "ಅಧ್ಯಯನದ ಮಿತಿಗಳು" ಎಂಬ ಪುಟವನ್ನು ಎಲ್ಲರೂ ಸಮಯದ ಅಭಾವವೆಂದು ತುಂಬಿಸಿದರೆ, ಇವಳು ನಡೆದದ್ದನ್ನು ಬರೆದಳು: ನೂರು ಪ್ರಶ್ನಾವಳಿ ಒಯ್ದಿದ್ದೆ, ಮೂವತ್ತೆಂಟು ತುಂಬಿದವು. ಬೇವಿನ ಮರದ ಕೆಳಗೆ ತೊಟ್ಟು ಬಿಡಿಸುವ ನಲವತ್ತೊಂದು ಹೆಂಗಸರು ಕೂತಿದ್ದರು. ಅವರಲ್ಲಿ ಗುತ್ತೆವ್ವ ಎಂಬವರು ನನ್ನ ಹಾಳೆ ತಿರುಗಿಸಿ ನೋಡಿ, "ಇವೆಲ್ಲ ಕಾಯಿ ಒಯ್ಯೋರಿಗೆ ಕೇಳೂವು ಅದಾವು ತಂಗಿ. ತೊಟ್ಟು ಬಿಡಸೋರಿಗೆ ಒಂದರ ಪ್ರಶ್ನಿ ಇಲ್ಲೇನ ನಿನ್ನ ಹಾಳ್ಯಾಗ?" ಎಂದರು. ನನ್ನ ಬಳಿ ಇರಲಿಲ್ಲ. ಉಳಿದ ಅರವತ್ತೆರಡು ಹಾಳೆಗಳನ್ನು ಖಾಲಿ ತಂದಿದ್ದೇನೆ, ಮನೆಯಲ್ಲಿ ಕೂತು ತುಂಬಿಸಿಲ್ಲ. ಇಷ್ಟೇ ಅವಳು ಬರೆದದ್ದು. ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ "ಅಧ್ಯಯನ ಅಪೂರ್ಣ" ಎಂದಿದೆ.

ಎರಡು ವರ್ಷದ ಹಿಂದೆ ಆ ಪುಟವನ್ನು ಪೇಟೆಯ ಪಂಚರ ಮುಂದಿಟ್ಟೆ. ಹುಡುಗಿ ನಿಜಕ್ಕೂ ಹೋಗಿದ್ದಳೆಂದು ಹೇಗೆ ನಂಬುವುದು ಎಂದು ಕೇಳಿದರು. ಸುಳ್ಳು ಬರೆಯುವವರು ಹಾಳೆಗಳನ್ನು ಖಾಲಿ ಬಿಡುತ್ತಾರೆಯೇ ಎಂದೆ. ತೊಟ್ಟು ಬಿಡಿಸುವವರಿಗೆ ನಲವತ್ತೊಂದು ಜಾಗ ಸಿಕ್ಕಿತು. ನನಗೆ ಅವತ್ತು ಆದಷ್ಟು ಸಂತೋಷ ಮತ್ತೆಂದೂ ಆಗಿಲ್ಲ.

ಬೆಳ್ಳುಳ್ಳಿ ಪೇಟೆಯ ಬಗ್ಗೆ ಇರುವುದು ನಿಮ್ಮದೊಂದೇ ರಿಪೋರ್ಟು. ನಲವತ್ಮೂರನೆಯ ಪುಟದಲ್ಲಿ ಬರೆದಿದ್ದೀರಿ: "ಅಂಗಡಿಗಳ ಹೊರಗೆ ಹಲವಾರು ಮಹಿಳೆಯರು ಬೆಳ್ಳುಳ್ಳಿ ಸುಲಿಯುತ್ತಿರುವುದು ಕಂಡುಬರುತ್ತದೆ." ಯಾರಿಗೆ ಕಂಡುಬಂತು? ಯಾವತ್ತು? ಹಲವಾರು ಎಂದರೆ ಎಷ್ಟು ಜಾಗ ಅಳೆಯಬೇಕೆಂದು ಪಂಚರು ಕೇಳಿದರೆ ನಾನೇನು ಹೇಳಲಿ? ನಾನು ನಿಮ್ಮನ್ನು ಬೈದುಕೊಳ್ಳುವುದನ್ನು ಕೇಳಿಸಿಕೊಂಡ ಅವ್ವ, "ಯಾವ ಕಾಲದ ಹುಡುಗನ್ನ ಯಾಕ ಬೈತಿ? ಆಗ ನಮ್ಮಂಥವರನ್ನ ಯಾರು ಎಣಸ್ತಿದ್ರು?" ಎನ್ನುತ್ತ ಸುಲಿಯುತ್ತಲೇ ಇದ್ದಳು.

ಆದರೆ ನೀವು ಹೋಗಿದ್ದಿರಿ. ನನಗೆ ಗೊತ್ತು. ಮೊದಲ ಪುಟದ ಕೃತಜ್ಞತೆಯಲ್ಲಿ, ಪ್ರಾಂಶುಪಾಲರು ಮತ್ತು ಟೈಪಿಂಗ್ ಅಂಗಡಿಯವರ ನಡುವೆ, "ಕೂರಲು ಗೋಣಿಚೀಲ ಹಾಸಿ ಚಹಾ ಕುಡಿಸಿದ ಪೇಟೆಯ ಅಕ್ಕಂದಿರಿಗೆ" ವಂದನೆ ಹೇಳಿದ್ದೀರಿ. ಅವರ ಚಹಾ ಕುಡಿದಿರಿ, ಮಾತು ಕೇಳಿದಿರಿ. ರಿಪೋರ್ಟಿಗೆ ಬರುವಾಗ ಅವರನ್ನು ಹೊರಗೇ ನಿಲ್ಲಿಸಿದಿರಿ. ಇಂಥ ಬರವಣಿಗೆಯಲ್ಲಿ ನಾನು ಎಂಬ ಮಾತು ಬರಬಾರದೆಂದು ನಿಮಗೆ ಕಲಿಸಿದ್ದರೆಂದು ಬಲ್ಲೆ. ನಿಮ್ಮ ತಪ್ಪೆಂದು ಪೂರ್ತಿ ಹೇಳಲಾರೆ. ಹೊಟ್ಟೆಯೇನೋ ಉರಿಯುತ್ತದೆ.

ಈ ಚೀಟಿ ತಲುಪುವ ಹೊತ್ತಿಗೆ ರಿಪೋರ್ಟು ಇನ್ನೂ ಬೈಂಡಿಂಗಿಗೆ ಹೋಗಿರುವುದಿಲ್ಲ. ನಾಳೆ ಬೆಳಿಗ್ಗೆ ಒಂದು ಸಲ ಪೇಟೆಗೆ ಹೋಗಿ. ಎಷ್ಟು ಜನ ಕೂತಿದ್ದಾರೆ ಎಣಿಸಿ, ಎಲ್ಲಿ ಕೂತಿದ್ದಾರೆ ನೋಡಿ, ಹೆಸರು ಕೇಳಿ. ಉತ್ತರ ಕೊಡದವರಿದ್ದರೆ ಕೊಡಲಿಲ್ಲವೆಂದೇ ಬರೆಯಿರಿ. ನಮಗೆ ಉಪಕಾರವಾಗಲೆಂದು ಹೆಚ್ಚು ಮಾತ್ರ ಬರೆಯಬೇಡಿ. ಹತ್ತು ಜನ ಇದ್ದರೆ ಹತ್ತು. ಹತ್ತು ಜಾಗದಲ್ಲಿ ಹತ್ತೊಂಬತ್ತು ಜನ ಸರದಿಯ ಮೇಲೆ ಕೂತಾರು. ಅಂಕ ಒಂದೆರಡು ಕಡಿಮೆಯಾಗಬಹುದು, ಅದನ್ನು ಮುಚ್ಚಿಟ್ಟು ನಿಮ್ಮನ್ನು ಪುಸಲಾಯಿಸುವುದಿಲ್ಲ.

ವಿಚಾರಣೆ ಬರುವ ಸೋಮವಾರ. ಅಂದು ನಸುಕಿನಲ್ಲೇ ನೆಲಮಾಳಿಗೆಗೆ ಇಳಿದು ನಿಮ್ಮ ರಿಪೋರ್ಟನ್ನು ಮತ್ತೊಮ್ಮೆ ತೆಗೆಯುತ್ತೇನೆ. ಇಷ್ಟು ಸಲ ಓದಿದ ಪುಟವನ್ನು ಮತ್ತೇಕೆ ಓದುತ್ತಾಳೆಂದು ಕಾವಲಿನವರು ನಗಬಹುದು, ನಗಲಿ. ಹಿಂಚೀಟಿ ಬರೆದದ್ದನ್ನು ಅವ್ವನಿಗೆ ಹೇಳಿಲ್ಲ. ಅವಳು ಎಂದಿನಂತೆ ಗೋಣಿತಾಟು ಎತ್ತಿಕೊಂಡು ಹೋಗಿರುತ್ತಾಳೆ.

ಎಣಿಸುವಾಗ ಅಂಗಡಿಯ ಬಾಗಿಲ ಮರೆಯಲ್ಲಿ ಕೂತವಳನ್ನು ಬಿಡಬೇಡ, ಅಜ್ಜಾ.

ನಿಮ್ಮ ಪುಟ ತೆರೆಯಲು ಕಾದಿರುವ,
ನಿಂಬೆವ್ವ